ಬೆಳ್ಳಿ ಬಟ್ಟೆಗೆ ಅಂಚುಪಟ್ಟಿ

ಆ ದರ್ಜಿ ಹೊಲಿದ ಬಟ್ಟೆಯ ಅಂಚಿನಿಂದ ಒಂದು ಎಳೆ ಆಚೆ ಇಣುಕಿದ್ದನ್ನು ಕಂಡವರಿಲ್ಲ. ಒಳಗಿನ ಹೊಲಿಗೆ ಯಾರು ನೋಡುತ್ತಾರೆ, ಬೇಗ ಮುಗಿಸಿಕೊಡು ಎಂದು ಗಿರಾಕಿಗಳೇ ಅವಸರ ಮಾಡಿದರೂ ಅವನು ಜಗ್ಗುತ್ತಿರಲಿಲ್ಲ. "ನಿಮ್ಮ ಕಣ್ಣು ನೋಡಲ್ಲ, ನಿಮ್ಮ ಚರ್ಮ ನೋಡುತ್ತೆ" ಎಂದು ಹೇಳಿ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು, ಷರಟಿನ ಒಳಮೈಯ ಅಂಚುಗಳನ್ನೆಲ್ಲ ಮಡಚಿ ಮಡಚಿ ಹೊಲಿಯುತ್ತಿದ್ದ. ಶಾಲೆಯ ಮೆಟ್ಟಿಲನ್ನು ಹೆಚ್ಚು ತುಳಿದವನಲ್ಲ. ಹಳೇ ಕೋಟುಗಳನ್ನು ಬಿಚ್ಚಿ, ಹೊಲಿದವನ ಕೈ ಎಲ್ಲಿ ಓಡಿದೆ, ಎಲ್ಲಿ ತಡವರಿಸಿದೆ ಎಂದು ನೋಡಿ ನೋಡಿಯೇ ವಿದ್ಯೆ ಕಲಿತವನು. ಆ ಹೆಮ್ಮೆ ಅವನಲ್ಲಿತ್ತು. ಇರಬೇಕಾದದ್ದಕ್ಕಿಂತ ಒಂದು ಗೇಣು ಹೆಚ್ಚೇ ಇತ್ತು.

ಸಿದ್ಧ ಉಡುಪಿನ ಅಂಗಡಿಗಳು ಬೀದಿಯ ಎರಡೂ ಬದಿಗೆ ಬಂದು ಕೂತ ಮೇಲೆ ಅವನ ಬಳಿಗೆ ಜಿಪ್ ಹಾಕಿಸುವವರು, ಸೊಂಟ ಸಡಿಲ ಮಾಡಿಸುವವರು ಮಾತ್ರ ಉಳಿದರು. ಕೊನೆಗೊಂದು ದಿನ ಅಂಗಡಿಯ ಬಾಗಿಲು ಎಳೆದ. ಹೊಲಿಗೆ ಯಂತ್ರ ಮಲಗುವ ಕೋಣೆಯ ಕಿಟಕಿ ಪಕ್ಕಕ್ಕೆ ಬಂತು. ಹೆಂಡತಿ ಅದರ ಮೇಲೆ ಒಗೆದ ಬಟ್ಟೆ ಪೇರಿಸಿಡತೊಡಗಿದಳು. ಅದನ್ನು ಕಂಡಾಗಲೆಲ್ಲ ಅವನಿಗೆ ತನ್ನ ಬೆನ್ನ ಮೇಲೇ ಯಾರೋ ಗಂಟು ಹೇರಿದ ಹಾಗಾಗುತ್ತಿತ್ತು.

ಆಗ ಕೈ ಹಿಡಿದು ಎತ್ತಿದವಳು ನಾದಿನಿ, ಹೆಂಡತಿಯ ಬೆನ್ನಿಗೆ ಬಿದ್ದ ತಂಗಿ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಒಂದು ಸಣ್ಣ ಕಾರ್ಖಾನೆಯಲ್ಲಿ ಅವಳಿಗೆ ಹನ್ನೆರಡು ವರ್ಷದಿಂದ ಕೆಲಸ. ಆಸ್ಪತ್ರೆಯಲ್ಲಿ ರೋಗಿಯ ಮಂಚದ ಪಕ್ಕ ನಿಂತು ಎದೆಬಡಿತವನ್ನು ಗೆರೆಯಾಗಿ ತೋರಿಸುವ ಯಂತ್ರಗಳನ್ನು ಅಲ್ಲಿ ಜೋಡಿಸುತ್ತಿದ್ದರು. ಯಂತ್ರದೊಳಗೆ ಹೊದಿಸಲು ಬಟ್ಟೆಯ ಹೊದಿಕೆ ಹೊಲಿಯುವವರು ಬೇಕು ಎಂದದ್ದೇ ತಡ, ಅವಳು ಯಜಮಾನರ ಮುಂದೆ ಹೋಗಿ ನಿಂತಳು.

"ನಮ್ಮ ಭಾವ ಇದ್ದಾರೆ. ಅವರು ಹೊಲಿದ್ರೆ ಹೊಲಿಗೆ ಎಲ್ಲಿದೆ ಅಂತ ಹುಡುಕಬೇಕು. ಕೆಲಸ ಕೆಟ್ರೆ ನನ್ನನ್ನ ಕೇಳಿ" ಎಂದಳು.

ಬಟ್ಟೆ ನೋಡಿ ದರ್ಜಿ ಬೆರಗಾದ. ಬೂದುಬೆಳ್ಳಿಯ ಬಣ್ಣ, ಮುಟ್ಟಿದರೆ ತಣ್ಣಗೆ, ಹಿಂಡಿದರೆ ಒಣಗಿದ ಎಲೆಯ ಸದ್ದು. ನೂಲಿನ ಮೈಗೆಲ್ಲ ಲೋಹ ಸವರಿ ನೇಯ್ದದ್ದಂತೆ. ಇಂಜಿನಿಯರ್ ಒಬ್ಬಳು ಹುಡುಗಿ, ಅವನ ಮಗಳ ವಯಸ್ಸಿನವಳು. ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟಳು.

"ಮಾಸ್ಟರ್, ಗಾಳೀಲಿ ಫೋನಿನ ಮಾತು, ರೇಡಿಯೋ, ಮೋಟಾರು, ಏನೇನೋ ಗಲಾಟೆ ಓಡಾಡ್ತಿರುತ್ತೆ. ನಮಗೆ ಕೇಳಲ್ಲ, ಮಷೀನಿಗೆ ಕೇಳುತ್ತೆ. ಅದು ಪಾಪ ಎದೆಬಡಿತದ ಪಿಸುಮಾತು ಕೇಳಿಸ್ಕೊಳ್ಳೋಕೆ ಕೂತಿರುತ್ತೆ. ಈ ಬಟ್ಟೆ ಆ ಗಲಾಟೇನ ಹಿಡಿದು ಪೆಟ್ಟಿಗೆಯ ತಗಡಿಗೆ ಇಳಿಸಿಬಿಡುತ್ತೆ."

"ಅಂದ್ರೆ ಕಿವಿಗೆ ಟೋಪಿ ಹಾಕಿದ ಹಾಗೆ."

"ಹಾಗೇ. ಆದ್ರೆ ಟೋಪಿಯ ಅಂಚು ಸುತ್ತಲೂ ತಗಡಿಗೆ ತಾಗಿರಲೇಬೇಕು. ನಡುವೆ ಒಂದು ಕಾಗದ ಬಂದ್ರೂ ಕೆಟ್ಟಿತು. ಅದಕ್ಕೇ ಅಂಚು ಕತ್ತರಿಸಿದ ಹಾಗೇ ಬಿಟ್ಟುಬಿಡಿ. ಏನೂ ಮಾಡ್ಬೇಡಿ."

ಏನೂ ಮಾಡಬೇಡಿ ಎಂಬ ಮಾತು ಅವನಿಗೆ ಹಿಡಿಸಲಿಲ್ಲ. ಆದರೂ ಹೊಸಬ, ಬಾಯಿ ಮುಚ್ಚಿಕೊಂಡು ಹೇಳಿದಂತೆ ಹೊಲಿದ. ಕತ್ತರಿಸಿದ ಅಂಚಿನಿಂದ ಕೂದಲಿನಂಥ ಬೆಳ್ಳಿ ಎಳೆಗಳು ಉದುರಿ ಮೇಜಿನ ಮೇಲೆ, ಷರಟಿನ ತೋಳಿನ ಮೇಲೆ, ಊಟದ ಡಬ್ಬಿಯ ಮುಚ್ಚಳದ ಮೇಲೆ ಬೀಳುತ್ತಿದ್ದವು. ತಾನು ಹೊಲಿದದ್ದು ಹೀಗೆ ಹರಕು ಬಾಯಿ ಬಿಟ್ಟುಕೊಂಡು ಲೋಕಕ್ಕೆ ಹೋಗುತ್ತದಲ್ಲ ಎಂದು ಪ್ರತಿ ಹೊದಿಕೆಗೂ ಒಮ್ಮೆ ಮನಸ್ಸು ಮುದುಡುತ್ತಿತ್ತು.

ಅವನ ಮೇಜಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಾದಿನಿಯ ಮೇಜು. ಪರೀಕ್ಷೆ ಮಾಡುವುದು ಅವಳ ಕೆಲಸ. ಜೋಡಿಸಿ ಮುಗಿದ ಯಂತ್ರವನ್ನು ಚಾಲೂ ಮಾಡಿ, ರಿಂಗಾಗುತ್ತಿರುವ ಫೋನನ್ನು ಅದರ ಸುತ್ತ, ಮೇಲೆ, ಕೆಳಗೆ ಆಡಿಸುತ್ತಿದ್ದಳು. ಪರದೆಯ ಮೇಲಿನ ಗೆರೆ ಅಲುಗದಿದ್ದರೆ ಹಾಳೆಯಲ್ಲಿ ಸಹಿ.

"ಏನಕ್ಕ, ಸೊಳ್ಳೆ ಓಡಿಸ್ತಿದ್ದೀಯಾ?" ಎಂದು ಅಲ್ಲೇ ಕೆಲಸ ಮಾಡುವ ರಿಪೇರಿಯವನು ಕೆಣಕುತ್ತಿದ್ದ.

"ಹೂಂ ಕಣಪ್ಪ. ದೊಡ್ಡ ಸೊಳ್ಳೆ ಒಂದು ನನ್ನ ಹಿಂದೇನೇ ನಿಂತಿದೆ, ಅದೇ ಹೋಗ್ತಿಲ್ಲ."

ಹೀಗೆ ನಗುನಗುತ್ತ ನಡೆದಿತ್ತು. ಅಷ್ಟರಲ್ಲಿ ಇಂಜಿನಿಯರ್ ಹುಡುಗಿ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡಳು. ಮೂಳೆ ಒಂದು ಸಲಕ್ಕೆ ಕೂಡಲಿಲ್ಲ. ಎರಡನೇ ಸಲ ಪ್ಲಾಸ್ಟರ್ ಹಾಕಿ ನಾಲ್ಕು ತಿಂಗಳು ಮನೆ ಬಿಟ್ಟು ಕದಲಬಾರದು ಎಂದರು.

ಅವಳು ಹಾಸಿಗೆ ಹಿಡಿದ ಮೂರನೆಯ ದಿನ ದರ್ಜಿ ಮನೆಯ ಟ್ರಂಕು ತೆಗೆದ. ಅಂಗಡಿ ಮುಚ್ಚಿದಾಗ ಉಳಿದಿದ್ದ ಬೂದು ಸ್ಯಾಟಿನ್ ಪಟ್ಟಿಯ ಸುರುಳಿಯೊಂದು ಅದರಲ್ಲಿತ್ತು. ಕೋಟಿನ ಒಳಅಂಚಿಗೆ ಹಾಕಲು ತರಿಸಿಟ್ಟದ್ದು. ಬೆಳ್ಳಿ ಬಟ್ಟೆಯ ಬಣ್ಣಕ್ಕೆ ಹೇಳಿ ಮಾಡಿಸಿದ ಹಾಗೆ ಹೊಂದಿತು. ಮಾರನೆಯ ದಿನದಿಂದ ಪ್ರತಿ ಹೊದಿಕೆಯ ಅಂಚನ್ನೂ ಆ ಪಟ್ಟಿಯೊಳಗೆ ಸೇರಿಸಿ, ಸುತ್ತಲೂ ಒಂದೇ ಸಮನಾಗಿ ಹೊಲಿದ. ಬೆರಳಿನ ಉಗುರಿನಷ್ಟು ಅಗಲ, ಅಷ್ಟೇ. ಆ ಹುಡುಗಿ ಹೇಳಿದ್ದು ನೆನಪಿರಲಿಲ್ಲ ಎಂದಲ್ಲ. ಚೆನ್ನಾಗಿಯೇ ನೆನಪಿತ್ತು. ಆದರೆ ಎಳೆ ಉದುರಿ ಯಂತ್ರದ ಒಳಗೆ ಬಿದ್ದರೆ ಅದೂ ಕೇಡೇ ತಾನೆ, ಓದಿದವಳಿಗೆ ಬಟ್ಟೆಯ ಗುಣ ಏನು ಗೊತ್ತು, ಉಗುರಗಲದ ಪಟ್ಟಿ ಏನು ಮಹಾ ಮಾಡೀತು ಎಂದು ತನಗೆ ತಾನೇ ವಕೀಲಿ ಮಾಡಿಕೊಂಡ. ಪರೀಕ್ಷೆಯಲ್ಲಿ ಗೆರೆ ಅಲುಗಲಿಲ್ಲ. ನಾದಿನಿ ಸಹಿ ಹಾಕಿದಳು. ಒಂದಲ್ಲ, ಎರಡಲ್ಲ, ನಲವತ್ತು ಯಂತ್ರಗಳು ಹಾಗೆ ಹೊರಟುಹೋದವು.

ಎರಡು ತಿಂಗಳಿಗೆ ದೂರು ಬಂತು. ಹತ್ತಿರದಲ್ಲಿ ಯಾರದಾದರೂ ಫೋನ್ ರಿಂಗಾದರೆ ಗೆರೆ ಕುಣಿಯುತ್ತದೆ, ಸುಮ್ಮಸುಮ್ಮನೆ ಅಪಾಯದ ಗಂಟೆ ಬಾರಿಸುತ್ತದೆ ಎಂದು. ಮೊದಲು ಎರಡು, ಆಮೇಲೆ ನಾಲ್ಕು, ಒಟ್ಟು ಆರು ಯಂತ್ರ ವಾಪಸು ಬಂದವು. ತರಲು ಹೋಗಿದ್ದ ರಿಪೇರಿಯವನು ಇನ್ನೊಂದು ಸುದ್ದಿಯನ್ನೂ ತಂದ.

"ನರ್ಸಮ್ಮನೋರಿಗೆ ಸಾಕಾಗಿ ಹೋಗಿದೆ. ಗಂಟೆ ಶಬ್ದಾನೇ ಬಂದ್ ಮಾಡಿ ಇಟ್ಟುಬಿಟ್ಟಿದ್ರು. ನಿಜವಾಗ್ಲೂ ಯಾರಿಗಾದ್ರೂ ಏನಾದ್ರೂ ಆದ್ರೆ ಗೊತ್ತಾಗೋದು ಹೇಗೆ ಅಂದ್ರೆ, ನಿಮ್ಮ ಮಷೀನನ್ನ ಕೇಳಿ ಅಂದ್ರು."

ಅವನು ಒಂದು ಪೆಟ್ಟಿಗೆ ಬಿಚ್ಚಿ, ಹೊದಿಕೆಯನ್ನು ತೆಗೆದು ತನ್ನ ಮೊಣಕಾಲಿಗೆ ಸಿಕ್ಕಿಸಿಕೊಂಡು, ಒಳಗಿನ ಸರ್ಕ್ಯೂಟ್ ಹಲಗೆಯನ್ನು ಕೆದಕತೊಡಗಿದ. ದರ್ಜಿ ನೀರು ಕುಡಿಯಲು ಎದ್ದವನು ಅಲ್ಲಿ ನಿಂತ.

"ಎಂಥಾ ಕೈ ಮಾಸ್ಟರ್ ನಿಮ್ದು" ಎಂದ ರಿಪೇರಿಯವನು ಮೊಣಕಾಲು ಕುಣಿಸುತ್ತ. "ಮೊಮ್ಮಗೂಗೆ ಕುಲಾವಿ ಹೊಲಿದ ಹಾಗಿದೆ. ಇದನ್ನ ಪೆಟ್ಟಿಗೆ ಒಳಗೆ ಯಾಕಾದ್ರೂ ಮುಚ್ಚಿಡ್ತೀವೋ."

ದರ್ಜಿಯ ಕಣ್ಣು ಮಾತ್ರ ಪೆಟ್ಟಿಗೆಯ ತಗಡಿನ ಅಂಚಿನ ಮೇಲಿತ್ತು. ಬಟ್ಟೆ ಒತ್ತಿಕೊಂಡಿರಬೇಕಾದ ಕಡೆ ತಗಡು ಹೊಳೆಯಬೇಕಿತ್ತು. ಅಲ್ಲಿ ಸುತ್ತಲೂ ನವಿರಾದ ಧೂಳು ಕೂತಿತ್ತು. ಧೂಳು ಕೂರಬೇಕಾದರೆ ಸಂದು ಇರಬೇಕು. ಕಾಲರಿನ ಅಂಚು ದಪ್ಪವಾದರೆ ಪಕ್ಕದ ಬಟ್ಟೆ ಹೇಗೆ ಮೇಲಕ್ಕೆ ಏಳುತ್ತದೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೊಸದರಲ್ಲಿ ಸ್ಕ್ರೂ ಬಿಗಿಯಾಗಿದ್ದಾಗ ಪಟ್ಟಿಯನ್ನು ದಾಟಿ ಬಟ್ಟೆ ತಗಡಿಗೆ ತಾಗಿದೆ. ದಿನ ಕಳೆದಂತೆ, ಬಿಸಿಗೆ, ಓಡಾಟಕ್ಕೆ ಸಡಿಲವಾಗಿ, ದಪ್ಪ ಪಟ್ಟಿ ಬಟ್ಟೆಯನ್ನು ಎತ್ತಿ ಹಿಡಿದಿದೆ. ಹಿಡಿದ ಲೋಟದ ನೀರನ್ನು ಕುಡಿಯದೆ ಹಾಗೇ ಇಟ್ಟು ಬಂದ.

ಆ ಸಂಜೆ ಸ್ಯಾಟಿನ್ ಸುರುಳಿ ಅವನ ಚೀಲದ ತಳ ಸೇರಿತು. ಮರುದಿನದಿಂದ ಹೊಸ ಹೊದಿಕೆಗಳ ಅಂಚು ಮತ್ತೆ ಹರಕು ಬಾಯಿ ಬಿಟ್ಟುಕೊಂಡವು. ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಅದೇ ವಾರ ಯಜಮಾನರು ನಾದಿನಿಯನ್ನು ಕರೆದರು. ಗಾಜಿನ ಬಾಗಿಲಿನ ಕೋಣೆ. ಮಾತು ಆಚೆಗೆ ಕೇಳಿಸುತ್ತಿತ್ತು.

"ಫೋನ್ ಹಿಡಿದು ನೋಡಿದ್ರೆ ಇಲ್ಲೇ ಗೊತ್ತಾಗ್ಬೇಕಿತ್ತಲ್ಲಮ್ಮ. ನೋಡದೇ ಸಹಿ ಹಾಕಿದ್ದೀಯ."

"ಇಲ್ಲ ಸಾರ್. ಒಂದೊಂದನ್ನೂ ನೋಡಿದ್ದೀನಿ."

"ಹಾಗಾದ್ರೆ ಇದೇನು, ದೆವ್ವ ಹೊಕ್ಕಿದೆಯಾ?"

ವಿಚಾರಣೆ ಮುಗಿಯುವ ತನಕ ಮನೆಯಲ್ಲಿರು ಎಂದು ಕಳಿಸಿದರು. ಅವಳು ಬಟ್ಟೆಯ ಚೀಲಕ್ಕೆ ಊಟದ ಡಬ್ಬಿ ಹಾಕಿಕೊಂಡು, ಎಲ್ಲರ ಮೇಜುಗಳ ನಡುವೆ ನಡೆದು ಹೋಗುವಾಗ ದರ್ಜಿ ಸೂಜಿಗೆ ದಾರ ಪೋಣಿಸುತ್ತಿದ್ದ. ದಾರ ಎಷ್ಟೋ ಹೊತ್ತು ಸೂಜಿಯ ಕಣ್ಣಿಗೆ ಹೋಗಲೇ ಇಲ್ಲ.

ಮನೆಯಲ್ಲಿ ಕೂತು ಬೇಸರವೆಂದು ಅವಳು ದಿನಾ ಅಕ್ಕನ ಮನೆಗೆ ಬರತೊಡಗಿದಳು. ದರ್ಜಿ ಕೆಲಸ ಮುಗಿಸಿ ಬರುವ ಹೊತ್ತಿಗೆ ಅಕ್ಕ ತಂಗಿ ಅಡುಗೆಮನೆಯ ಬಾಗಿಲಲ್ಲಿ ಕೂತು ಬಟಾಣಿ ಬಿಡಿಸುತ್ತಿರುತ್ತಿದ್ದರು. ಹೆಂಡತಿ ಕಾರ್ಖಾನೆಯ ಮೂರು ತಲೆಮಾರನ್ನು ಬೈಯುತ್ತಿದ್ದಳು.

"ಹನ್ನೆರಡು ವರ್ಷ ದುಡಿದವಳ ಮೇಲೆ ಇಂಥಾ ಮಾತಾ? ಅವನ ಬಾಯಿ ಸೇದಿಹೋಗ. ನೀವಾದ್ರೂ ಒಂದು ಮಾತು ಆಡಬಾರದಾ ಅಲ್ಲಿ? ಬಾಯಿಗೆ ಹೊಲಿಗೆ ಹಾಕ್ಕೊಂಡಿದ್ದೀರಾ?"

"ನನ್ನ ಮಾತು ಯಾರು ಕೇಳ್ತಾರೆ" ಎಂದು ದರ್ಜಿ ಚಪ್ಪಲಿ ಬಿಡುತ್ತ ಗೋಡೆಗೆ ಹೇಳಿದ.

"ಬಿಡಕ್ಕ, ಭಾವನ್ನ ಯಾಕೆ ಬೈತೀಯ. ಅವರಿಗೂ ಕೆಲಸ ಉಳೀಬೇಕಲ್ಲ" ಎಂದಳು ನಾದಿನಿ. ಅವಳ ಈ ಒಂದು ಮಾತು ಬೈಗುಳದ ಹತ್ತರಷ್ಟು ಚುಚ್ಚಿತು. ಅವಳೇ ಬಡಿಸಿದ ತಟ್ಟೆ ಮುಂದೆ ಬಂತು. ಅವಳ ಮುಖ ನೋಡದೆ ಬೇಗ ಬೇಗ ಉಂಡು ಎದ್ದ. ನಾಳೆ ಹೇಳುತ್ತೇನೆ ಎಂದುಕೊಂಡ. ನಾಳೆ ಬಂದಾಗ ಇಂಜಿನಿಯರ್ ಬರಲಿ, ಅವಳೇ ಕಂಡುಹಿಡಿಯಲಿ ಎಂದುಕೊಂಡ. ಅವಳು ಬರಲು ಇನ್ನೂ ಒಂದು ತಿಂಗಳಿತ್ತು. ಉಳಿದ ಮೂವತ್ತನಾಲ್ಕು ಯಂತ್ರ ಎಲ್ಲೆಲ್ಲಿಯೋ ಮಂಚಗಳ ಪಕ್ಕದಲ್ಲಿದ್ದವು. ಅವುಗಳಲ್ಲಿ ಯಾವುದರ ಗಂಟೆಯನ್ನು ಯಾವ ನರ್ಸು ಬಂದ್ ಮಾಡಿದ್ದಾಳೋ ಎಂಬುದು ನೆನಪಾದರೆ ಕೈಯ ಕತ್ತರಿ ಬಟ್ಟೆಯ ಮೇಲೆ ನಿಂತಲ್ಲೇ ನಿಲ್ಲುತ್ತಿತ್ತು.

ತಗಡಿನ ಮೇಲೆ ಧೂಳು ಕಂಡ ಹತ್ತನೆಯ ದಿನ, ಶನಿವಾರ, ನಾದಿನಿ ಬಟಾಣಿಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದಳು.

"ಭಾವ, ಆ ಮಷೀನುಗಳನ್ನ ಕಳಿಸಿದ ತಿಂಗಳು ನನಗೆ ಮೂರು ದಿನ ವಿಪರೀತ ತಲೆನೋವಿತ್ತು. ನೆನಪಿದೆಯಾ?"

"ಇರಬಹುದು."

"ಆಗ ಸರಿಯಾಗಿ ನೋಡ್ಲಿಲ್ವೇನೋ. ನೋಡಿದೆ ಅಂತ ಅನ್ಕೊಂಡಿದ್ದೆ. ಈಗ ಯೋಚನೆ ಮಾಡಿದ್ರೆ, ಕೈ ಆಡಿಸಿದ್ದು ನೆನಪಿದೆ, ಗೆರೆ ನೋಡಿದ್ದು ನೆನಪಿಲ್ಲ." ತಲೆ ತಗ್ಗಿಸಿ ಸಿಪ್ಪೆಯೊಂದನ್ನು ಚೂರು ಚೂರು ಮಾಡಿದಳು. "ತಪ್ಪಾಯ್ತು ಅಂತ ಬರೆದುಕೊಟ್ರೆ ತೆಗೆದುಹಾಕಲ್ಲ, ಪ್ಯಾಕಿಂಗ್‌ಗೆ ಹಾಕ್ತೀವಿ ಅಂದಿದ್ದಾರೆ. ಸೋಮವಾರ ಕೊಟ್ಟುಬಿಡ್ತೀನಿ."

"ಮಾಡದ ತಪ್ಪಿಗೆ ಯಾಕೆ ಬರ್ಕೊಡ್ತೀಯೇ" ಎಂದಳು ಹೆಂಡತಿ.

"ಮಾಡಿಲ್ಲ ಅಂತ ನನಗೇ ಗೊತ್ತಿಲ್ಲವಲ್ಲಕ್ಕ ಈಗ."

ದರ್ಜಿ ಎದ್ದು ಕೋಣೆಗೆ ಹೋದ. ಕೆಲಸ ಹೋದರೆ ಇನ್ನೊಂದು ಕೆಲಸ ಎಂದು ಇಷ್ಟು ದಿನ ಸಮಾಧಾನ ಹೇಳಿಕೊಂಡಿದ್ದ. ಈಗ ಅವಳು ತನ್ನ ಕಣ್ಣನ್ನೇ ನಂಬದ ಹಾಗಾಗಿದ್ದಳು. ಹನ್ನೆರಡು ವರ್ಷ ಅಲುಗದೆ ನಿಂತ ಹೆಂಗಸನ್ನು ತಾನು ಬಾಯಿ ಮುಚ್ಚಿಕೊಂಡೇ ಅಲುಗಿಸಿದ್ದೆ ಎಂಬುದು ಅವನಿಗೆ ಸ್ಪಷ್ಟವಾಯಿತು.

ಭಾನುವಾರ ಬೆಳಿಗ್ಗೆ, ಕಾರ್ಖಾನೆಯ ಗುಜರಿ ಪೆಟ್ಟಿಗೆಯಿಂದ ಹಿಂದೊಮ್ಮೆ ಎತ್ತಿಟ್ಟುಕೊಂಡಿದ್ದ, ಪಟ್ಟಿ ಹಾಕಿದ ಒಂದು ಹೊದಿಕೆಯನ್ನು ಚೀಲದಲ್ಲಿಟ್ಟುಕೊಂಡು ಇಂಜಿನಿಯರ್ ಹುಡುಗಿಯ ಮನೆ ಹುಡುಕಿಕೊಂಡು ಹೋದ. ಅವಳು ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟು, ಉಣ್ಣೆ ಹೆಣೆಯುವ ಕಡ್ಡಿಯನ್ನು ಒಳಗೆ ತೂರಿಸಿ ತುರಿಸಿಕೊಳ್ಳುತ್ತಿದ್ದಳು.

"ಬನ್ನಿ ಮಾಸ್ಟರ್. ನಾಚಿಕೆ ಏನೂ ಇಲ್ಲ, ಕಡ್ಡಿ ಕೈ ಬಿಟ್ರೆ ಪ್ರಾಣ ಹೋಗುತ್ತೆ."

ಅವನು ವಾಪಸು ಬಂದ ಯಂತ್ರಗಳ ಸುದ್ದಿ, ನಾದಿನಿಯ ಮೇಲೆ ಬಂದ ಮಾತು ಹೇಳಿ, ಹೊದಿಕೆ ತೆಗೆದು ಅವಳ ಮಡಿಲಲ್ಲಿಟ್ಟ. ಅವಳು ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದಳು. ಮುಖದ ನಗು ಹೋಯಿತು. ಕಪಾಟಿನಿಂದ ಅಳತೆಯ ಮೀಟರ್ ತರಿಸಿ, ಸ್ಟೀಲಿನ ತಟ್ಟೆಯೊಂದರ ಮೇಲೆ ಹೊದಿಕೆ ಬೋರಲು ಹಾಕಿ, ಮೀಟರಿನ ಒಂದು ತಂತಿ ಬಟ್ಟೆಗೆ, ಇನ್ನೊಂದು ತಟ್ಟೆಗೆ ಇಟ್ಟಳು. ಒತ್ತಿ ಹಿಡಿದಾಗ ಬಟ್ಟೆ ತಟ್ಟೆಗೆ ತಾಗಿ ಮೀಟರ್ ಕೂಗಿತು. ಕೈ ಸಡಿಲಿಸಿದಾಗ ಸುಮ್ಮನಾಯಿತು. ಮತ್ತೆ ಒತ್ತಿದಳು, ಮತ್ತೆ ಬಿಟ್ಟಳು.

"ಪರೀಕ್ಷೆ ಮಾಡಿದಾಗ ಬಿಗಿ ಇತ್ತು, ಎಲ್ಲ ಸರಿಯಾಗೇ ಇತ್ತು. ನಿಮ್ಮ ನಾದಿನಿ ನೋಡಿದ್ದಾರೆ. ಅವರದೇನೂ ತಪ್ಪಿಲ್ಲ."

"ಇಲ್ಲ."

"ಎಳೆ ಉದುರುತ್ತೆ ಅಂದಿದ್ರೆ ಅಂಚಿಗೆ ತೆಳ್ಳಗೆ ಅಂಟು ಸವರೋಣ ಅಂತಿದ್ದೆ. ಅದು ನಾನು ಯೋಚಿಸಬೇಕಾಗಿದ್ದ ವಿಷಯಾನೇ. ನೀವು ಯಾಕೆ ಕೇಳ್ಲಿಲ್ಲ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದ. "ಬಟ್ಟೆ ವಿಷಯ ನಿಮಗೇನು ಗೊತ್ತು ಅಂದ್ಕೊಂಡೆ."

"ನಿಜವೇ. ನನಗೆ ಗುಂಡಿ ಹಾಕೋಕೂ ಬರಲ್ಲ." ಅವಳಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. "ಆದ್ರೆ ಇದು ಬಟ್ಟೆ ಅಲ್ಲ ಮಾಸ್ಟರ್. ಬಟ್ಟೆ ಹಾಗೆ ಕಾಣೋ ತಂತಿ." ಹೊದಿಕೆಯನ್ನು ಮಡಚಿಡುತ್ತ ಕೇಳಿದಳು. "ನಿಮ್ಮ ನಾದಿನಿಗೆ ಹೇಳಿದ್ರಾ?"

"ಇನ್ನೂ ಇಲ್ಲ."

"ಮೊದಲು ನನ್ನ ಹತ್ರ ಯಾಕೆ ಬಂದ್ರಿ?"

ಅವನ ಹತ್ತಿರ ಉತ್ತರವಿತ್ತು. ನೀವು ಬೈಯುವುದನ್ನು ತಡೆದುಕೊಳ್ಳಬಲ್ಲೆ ಎಂಬುದೇ ಆ ಉತ್ತರ. ಹೇಳಲಿಲ್ಲ.

"ಉಳಿದ ಮಷೀನು ಇವತ್ತೇ ನಿಲ್ಲಿಸ್ಬೇಕು. ಯಜಮಾನರಿಗೆ ನಾನು ಫೋನ್ ಮಾಡ್ತೀನಿ. ನಿಮ್ಮ ಹೆಸರು ನಾನು ಹೇಳಲ್ಲ, ನೀವೇ ಹೇಳಿ. ಈಗ ಎದ್ದು ನಿಮ್ಮ ನಾದಿನಿ ಮನೆಗೆ ಹೋಗಿ."

ನಾದಿನಿಯ ಮನೆ ಮೂರು ಬೀದಿ ಆಚೆ. ಗಂಡ ಬಸ್ಸಿನ ಡ್ಯೂಟಿಗೆ ಹೋಗಿದ್ದ. ಅವಳು ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಬರೆಯುತ್ತಿದ್ದಳು.

"ಸರಿಯಾದ ಹೊತ್ತಿಗೆ ಬಂದ್ರಿ ಭಾವ. ಒಂದ್ಸಲ ಓದಿ ನೋಡಿ, ಮಾತು ಜಾಸ್ತಿ ಆಯ್ತೇನೋ."

ಅವನು ನಿಂತೇ ಓದಿದ. ನನ್ನ ಅಜಾಗರೂಕತೆಯಿಂದ ಎಂದು ಎರಡು ಕಡೆ ಬರೆದಿದ್ದಳು. ಅಕ್ಷರ ಗುಂಡಗೆ, ಶಾಲೆಯ ಹುಡುಗಿಯ ಹಾಗೆ, ಗೆರೆ ತಪ್ಪದಂತೆ. ಹಾಳೆಯನ್ನು ಮೇಜಿನ ಮೇಲಿಟ್ಟು ಹೇಳಿದ. ಪಟ್ಟಿ, ಟ್ರಂಕು, ತಗಡಿನ ಧೂಳು, ಮೀಟರ್ ಕೂಗಿದ್ದು, ಸುಮ್ಮನಾದದ್ದು, ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ತನ್ನ ದನಿಯೇ ಯಾರದೋ ಗಿರಾಕಿಯ ದನಿಯಂತೆ ಕೇಳಿಸಿತು.

ಅವನು ಮುಗಿಸಿದ ಮೇಲೆ ಅವಳು ಕೇಳಿದಳು.

"ಯಾವತ್ತು ಗೊತ್ತಾಯ್ತು?"

"ಹನ್ನೊಂದು ದಿನ ಆಯ್ತು."

"ನನ್ನನ್ನ ಆ ಕೋಣೆಗೆ ಕರೆದಾಗ?"

"ಗೊತ್ತಿತ್ತು."

"ನಿನ್ನೆ, ತಲೆನೋವಿತ್ತು ಅಂದಾಗ?"

"ಗೊತ್ತಿತ್ತು."

ಅವಳು ಪೆನ್ನಿನ ಮುಚ್ಚಳ ಹಾಕಿದಳು. ತೆಗೆದಳು. ಮತ್ತೆ ಹಾಕಿದಳು. "ಪಟ್ಟಿ ಹಾಕಿದ್ದು ಬಿಡಿ. ನಿಮ್ಮ ಕೈ ಸುಮ್ಮನಿರಲ್ಲ, ಅದು ನನಗೆ ಗೊತ್ತು. ನಿನ್ನೆ ಇಡೀ ರಾತ್ರಿ ನಾನು ಒಂದೊಂದು ಮಷೀನನ್ನೂ ನೆನಪು ಮಾಡ್ಕೊಳ್ಳೋಕೆ ಕೂತಿದ್ದೆ ಭಾವ. ನಲವತ್ತನ್ನೂ. ನನಗೆ ಮರೆವಿನ ಕಾಯಿಲೆ ಬಂತೇನೋ ಅಂತ ಹೆದರಿದ್ದೆ."

ಅವಳು ಹಾಳೆಯನ್ನು ಮಗುಚಿ, ಬರೆಯದ ಬದಿಯನ್ನು ಅವನ ಕಡೆಗೆ ತಳ್ಳಿ, ಪೆನ್ನು ಮೇಲಿಟ್ಟಳು.

"ಬರೀರಿ. ಹನ್ನೊಂದು ದಿನ ಅಂತಾನೂ ಬರೀರಿ."

ಬರೆದ. ಅರ್ಧ ಪುಟ ಬರೆಯಲು ಅವನಿಗೆ ಒಂದು ಕೋಟು ಕತ್ತರಿಸುವಷ್ಟು ಹೊತ್ತು ಹಿಡಿಯಿತು. ಅವಳು ಅಷ್ಟು ಹೊತ್ತೂ ಎದುರಿಗೇ ಕೂತಿದ್ದಳು.

ಸೋಮವಾರ ಯಜಮಾನರು ಎರಡೂ ಬದಿ ಓದಿದರು. ದರ್ಜಿಯನ್ನು ಅಂದೇ ಕಳಿಸಿಬಿಡಬೇಕೆಂದಿದ್ದರಂತೆ. ನಲವತ್ತು ಹೊದಿಕೆಯ ಪಟ್ಟಿ ಬಿಚ್ಚಲು ಬೇರೆ ಕೈ ಇಲ್ಲವೆಂದು ಇಂಜಿನಿಯರ್ ಹುಡುಗಿ ಫೋನಿನಲ್ಲೇ ತಡೆದಳು. ಎಲ್ಲರನ್ನೂ ಕರೆದು, ಪರೀಕ್ಷೆ ಸರಿಯಾಗಿಯೇ ನಡೆದಿತ್ತು ಎಂದು ಯಜಮಾನರು ಹೇಳಿದರು. ಯಾರಿಂದ ಕೆಟ್ಟಿತು ಎಂಬುದನ್ನು ದರ್ಜಿಯೇ ಹೇಳಿದ. ರಿಪೇರಿಯವನಿಗೂ ಅವತ್ತು ತಮಾಷೆ ತೋಚಲಿಲ್ಲ.

ಯಂತ್ರಗಳು ಒಂದೊಂದಾಗಿ ವಾಪಸು ಬಂದವು. ದರ್ಜಿ ತನ್ನದೇ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚುತ್ತ ಕೂತ. ಹೊಲಿಗೆ ಎಷ್ಟು ಗಟ್ಟಿಯಾಗಿತ್ತೆಂದರೆ ಒಂದೊಂದು ಹೊಲಿಗೆಯನ್ನೂ ಬೇರೆ ಬೇರೆಯಾಗಿ ಕತ್ತರಿಸಬೇಕಾಯಿತು. ಬಿಚ್ಚಿದ ಅಂಚಿಗೆ ಅಂಟು ಸವರಿ ಆ ಕಡೆ ಇಟ್ಟರೆ ನಾದಿನಿ ಒಯ್ಯುತ್ತಿದ್ದಳು. ಯಾವ ರೋಗಿಗೂ ಏನೂ ಆಗಿಲ್ಲ ಎಂಬ ಸುದ್ದಿ ಎಲ್ಲ ಆಸ್ಪತ್ರೆಗಳಿಂದಲೂ ಬಂತು. ಕೇಳಿ ಎಲ್ಲರೂ ಉಸಿರು ಬಿಟ್ಟರು. ಅವನಿಗೆ ಮಾತ್ರ ಅದು ಬಿಡುಗಡೆಯ ಹಾಗೆ ಅನ್ನಿಸಲಿಲ್ಲ. ಆಗಿದ್ದರೂ ತಾನು ಹನ್ನೊಂದು ದಿನ ಸುಮ್ಮನೆ ಇರುತ್ತಿದ್ದೆ ಎಂಬುದು ಅವನೊಬ್ಬನಿಗೆ ಗೊತ್ತಿತ್ತು.

ಹೆಂಡತಿ ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ತರಕಾರಿ ತರಬೇಕಾದ್ದರಿಂದ ಮತ್ತೆ ಶುರು ಮಾಡಿದಳು. ನಾದಿನಿ ಒಂದು ತಿಂಗಳು ಆ ಮನೆಯ ಕಡೆ ತಲೆ ಹಾಕಲಿಲ್ಲ. ಆಮೇಲೆ ಒಂದು ಭಾನುವಾರ ಬಂದಳು. ಅಕ್ಕನ ಪಕ್ಕ ಕೂತು ಒಗೆದ ಬಟ್ಟೆ ಮಡಚಿದಳು. ದರ್ಜಿ ಮೂರು ಅಡಿ ದೂರದಲ್ಲಿ, ಕಿಟಕಿಯ ಬಳಿ ಕೂತಿದ್ದ.

"ಅಕ್ಕ" ಎಂದಳು ಅವಳು, ಟವೆಲಿನ ಅಂಚುಗಳನ್ನು ಜೋಡಿಸುತ್ತ. "ನಾಳೆ ಕೊನೇ ಮೂರು ಮಷೀನು ಬರುತ್ತೆ. ಬೇಗ ಬರಬೇಕು ಅಂತ ಅವರಿಗೆ ಹೇಳು."

"ಇಲ್ಲೇ ಕೂತಿದ್ದಾರಲ್ಲೇ. ಕಿವಿ ಇದೆ ಅವರಿಗೆ."

"ನೀನೇ ಹೇಳು."

ಹೆಂಡತಿ ಗಂಡನ ಕಡೆ ತಿರುಗಿದಳು. "ಕೇಳಿಸ್ತಾ?"

"ಕೇಳಿಸ್ತು" ಎಂದ ದರ್ಜಿ. "ಏಳು ಗಂಟೆಗೇ ಹೋಗ್ತೀನಿ ಅಂತ ಹೇಳು."

ಹೆಂಡತಿ ಅದನ್ನು ಹಾಗೇ ತಂಗಿಗೆ ಹೇಳಿದಳು.